ನವಿಲುಗರಿ ಯಾರದು? ಕಾಮಿಕ್ಸ್ ಜೋಡಿಗಳ ಜಗಳ ಮತ್ತು ಇಬ್ಬರ ಎರಡು ನೆನಪು

ಪ್ರಶ್ನೆ: ನಾನು ಶಿರಸಿಯವನು, ಕಥೆ ಬರೆಯುತ್ತೇನೆ. ಕಾರವಾರದ ಗೆಳೆಯ ಚಿತ್ರ ಬರೆಯುತ್ತಾನೆ. ಇಬ್ಬರೂ ಸೇರಿ ಮೂರು ವರ್ಷದಲ್ಲಿ 64 ಪುಟದ ಒಂದು ಕಾಮಿಕ್ಸ್ ಮಾಡಿದ್ದೇವೆ. ಹೋಳಿಯಲ್ಲಿ ಬೇಡರ ವೇಷ ಹಾಕಿದ ಹುಡುಗನ ಬೆನ್ನಿನ ನವಿಲುಗರಿ ಒಂದು ರಾತ್ರಿ ನಿಜವಾದ ರೆಕ್ಕೆ ಆಗಿಬಿಡುತ್ತದೆ, ಅದೇ ಕಥೆಯ ಜೀವ. ಅದನ್ನು ನಾನು ದೇವಿಮನೆ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಹೇಳಿದ್ದು ಅಂತ ನನಗೆ ಸ್ಪಷ್ಟ ನೆನಪಿದೆ. ಅವನು, ಅದಕ್ಕೂ ಮೊದಲೇ ಕಾರವಾರದ ಕಡಲ ದಂಡೆಯಲ್ಲಿ ಕೂತು ಗೀಚಿದ್ದೆ ಅನ್ನುತ್ತಾನೆ. ಈಗ ಪ್ರಕಾಶಕರು ಸಿಕ್ಕಿದ್ದಾರೆ, ಯಾರ ಹೆಸರು ಹೇಗೆ ಹಾಕಬೇಕು ಅಂತ ಕೇಳುತ್ತಿದ್ದಾರೆ. ಗೆಳೆಯ ಸುಳ್ಳು ಹೇಳುತ್ತಿದ್ದಾನಾ? ದೊಡ್ಡ ಕಾಮಿಕ್ಸ್ ಮಾಡಿದವರಿಗೂ ಹೀಗಾಗಿದೆಯಾ?

ಉತ್ತರ: ಆಗಿದೆ. ದೊಡ್ಡವರಿಗೇ ಜಾಸ್ತಿ ಆಗಿದೆ. ಗೆಳೆಯ ಸುಳ್ಳು ಹೇಳುತ್ತಿದ್ದಾನಾ ಅನ್ನುವ ಪ್ರಶ್ನೆಯನ್ನು ಮಾತ್ರ ಸ್ವಲ್ಪ ಪಕ್ಕಕ್ಕಿಡಿ. ಮೂವತ್ತು ವರ್ಷದಿಂದ ಚಿತ್ರಕಥೆಗಳ ಜೊತೆಗೇ ಇದ್ದೇನೆ. ಬರೆದಿದ್ದೇನೆ, ಬೇರೆಯವರದ್ದನ್ನು ತಿದ್ದಿದ್ದೇನೆ, ಇಂಥ ಜಗಳಗಳ ನಡುವೆ ಕೂತೂ ಇದ್ದೇನೆ. ಬೇಕಂತಲೇ ಸುಳ್ಳು ಹೇಳಿದವರು ಸಿಕ್ಕಿದ್ದು ಕಡಿಮೆ. ಇಬ್ಬರೂ ತಮಗೆ ನೆನಪಿದ್ದದ್ದನ್ನೇ ಪ್ರಾಮಾಣಿಕವಾಗಿ ಹೇಳಿ, ಎರಡೂ ಒಂದಕ್ಕೊಂದು ತಾಳೆಯಾಗದೆ, ಹತ್ತಾರು ವರ್ಷದ ಸ್ನೇಹ ಹಾಳಾದದ್ದೇ ಹೆಚ್ಚು.

ಸ್ಪೈಡರ್‌ಮ್ಯಾನ್ ಕಥೆಯಿಂದ ಶುರು ಮಾಡೋಣ. 1962ರ ಆಗಸ್ಟ್ ಸಂಚಿಕೆಯಾಗಿ ಬಂದ 'ಅಮೇಜಿಂಗ್ ಫ್ಯಾಂಟಸಿ' 15ರಲ್ಲಿ ಅವನು ಮೊದಲು ಕಾಣಿಸಿಕೊಂಡ. ಬರೆದವರು ಸ್ಟ್ಯಾನ್ ಲೀ, ಚಿತ್ರ ಸ್ಟೀವ್ ಡಿಟ್ಕೊ. ಕೇಳಲು ಸರಳ, ಅಲ್ವಾ? ಆದರೆ ಅವನು ಹುಟ್ಟಿದ್ದು ಹೇಗೆ ಅಂತ ನಾಲ್ಕು ಜನರನ್ನು ಕೇಳಿದರೆ ನಾಲ್ಕು ಕಥೆ. ಗೋಡೆ ಹತ್ತುತ್ತಿದ್ದ ನೊಣ ನೋಡಿ ಹೊಳೆಯಿತು ಅಂತ ಲೀ. ಅದು ತನ್ನ ಸೃಷ್ಟಿ, ಆಮೇಲೆ ಡಿಟ್ಕೊ ಕೈಗೆ ಹೋಯಿತು ಅಂತ ಇನ್ನೊಬ್ಬ ಚಿತ್ರಕಾರ ಜ್ಯಾಕ್ ಕಿರ್ಬಿ. ಅದಕ್ಕೂ ಎಷ್ಟೋ ಮೊದಲೇ ಆ ಹೆಸರಿನ ಒಂದು ಪಾತ್ರವನ್ನು ನಾನು ಯೋಚಿಸಿಟ್ಟಿದ್ದೆ ಅಂತ ಕಿರ್ಬಿಯ ಹಳೆಯ ಜೊತೆಗಾರ ಜೋ ಸೈಮನ್. ಡಿಟ್ಕೊ ಹೇಳಿದ್ದು ಇನ್ನೊಂದು. ಕಿರ್ಬಿ ಬರೆದ ಐದು ಪುಟ ನಾನು ನೋಡಿದ್ದೆ, ಅದರಲ್ಲಿ ಮಾಂತ್ರಿಕ ಉಂಗುರದಿಂದ ಹುಡುಗ ದೊಡ್ಡವನಾಗಿ ಬದಲಾಗುತ್ತಿದ್ದ, ಅದು ಸೈಮನ್ ಮತ್ತು ಕಿರ್ಬಿ ಮೊದಲು ಮಾಡಿದ್ದ 'ದಿ ಫ್ಲೈ' ಥರವೇ ಇದೆ ಅಂತ ನಾನೇ ಲೀಗೆ ಹೇಳಿದೆ, ಆ ಪುಟಗಳನ್ನು ಬಿಟ್ಟು ಹೊಸದಾಗಿ ಮಾಡಿದೆವು, ಈಗ ಜಗತ್ತಿಗೆಲ್ಲ ಗೊತ್ತಿರುವ ಆ ಮುಖ ಮುಚ್ಚುವ ಮುಸುಕು, ಮೈ ತುಂಬ ಬಲೆಯ ಗೆರೆ, ಮಣಿಕಟ್ಟಿನ ಬಲೆ ಯಂತ್ರ ಎಲ್ಲ ತನ್ನ ಕೈಯಿಂದ ಬಂದದ್ದು ಅಂತ ಅವರ ಮಾತು. ಲೀ ಅಂತೂ ಆ ನೊಣದ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆ ಅಂದರೆ ಈಗ ಅದು ನಿಜವೂ ಇರಬಹುದು ಅಂತ ಒಮ್ಮೆ ಅವರೇ ಹೇಳಿಕೊಂಡರು. ಆ ಮಾತನ್ನು ಜನ ತಮಾಷೆಯಾಗಿ ತೆಗೆದುಕೊಳ್ಳುತ್ತಾರೆ. ನನಗೆ ಅದು ಈ ಇಡೀ ವಿಷಯದಲ್ಲೇ ಅತ್ಯಂತ ನಿಜವಾದ ಮಾತು ಅನಿಸುತ್ತದೆ. ಹೇಳಿ ಹೇಳಿ ನೆನಪು ನಯವಾಗುತ್ತದೆ, ಹೊಳೆಯ ಕಲ್ಲಿನ ಹಾಗೆ.

ಆದರೆ ಲೀ ಮತ್ತು ಡಿಟ್ಕೊ ಜಗಳದಲ್ಲಿ ನೆನಪಿಗಿಂತ ದೊಡ್ಡದು ಇನ್ನೊಂದಿತ್ತು. 'ಸೃಷ್ಟಿಸುವುದು' ಅಂದರೆ ಏನು ಅನ್ನುವುದರಲ್ಲೇ ಇಬ್ಬರಿಗೂ ಒಪ್ಪಿಗೆ ಇರಲಿಲ್ಲ. ಐಡಿಯಾ ಹೊಳೆದವನೇ ಸೃಷ್ಟಿಕರ್ತ ಅಂತ ಲೀ ನಂಬಿದ್ದರು. ಐಡಿಯಾ ಬರೀ ಐಡಿಯಾ, ಅದು ಕಾಗದದ ಮೇಲೆ ಇಳಿದು ರೂಪ ಪಡೆಯುವ ತನಕ ಏನೂ ಇಲ್ಲ ಅಂತ ಡಿಟ್ಕೊ. 1999ರಲ್ಲಿ ಲೀ ಒಂದು ಬಹಿರಂಗ ಪತ್ರ ಬರೆದು, ಡಿಟ್ಕೊ ಅವರನ್ನು ಸಹ-ಸೃಷ್ಟಿಕರ್ತ ಅಂತಲೇ ಯಾವಾಗಲೂ 'ಪರಿಗಣಿಸಿದ್ದೇನೆ' ಅಂದರು. ಡಿಟ್ಕೊಗೆ ಆ 'ಪರಿಗಣಿಸಿದ್ದೇನೆ' ಅನ್ನುವ ಪದವೇ ಚುಚ್ಚಿತು. ಪರಿಗಣಿಸುವುದು ಒಪ್ಪಿಕೊಂಡ ಹಾಗಲ್ಲ ಅಂತ ಅವರ ತಕರಾರು. 1966ರಲ್ಲೇ ಸ್ಪೈಡರ್‌ಮ್ಯಾನ್ ಪ್ರಕಟಿಸುತ್ತಿದ್ದ ಮಾರ್ವೆಲ್ ಕಂಪನಿ ಬಿಟ್ಟು ಹೋಗಿದ್ದ ಮನುಷ್ಯ, ಸಂದರ್ಶನ ಕೊಡದ ಮನುಷ್ಯ, ಮೂವತ್ತು ವರ್ಷದ ಮೇಲೆ ಒಂದೇ ಒಂದು ಪದಕ್ಕಾಗಿ ಮತ್ತೆ ಪೆನ್ನು ಹಿಡಿದರು. ಇಬ್ಬರೂ ತೀರಿಕೊಂಡದ್ದು 2018ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ.

ನಿಮ್ಮದೂ ಇದೇ ಜಗಳ ಅಂತ ನನಗೆ ಅನಿಸುತ್ತಿದೆ. ನೀವು ಬಸ್ಸಿನಲ್ಲಿ ಹೇಳಿದ ಮಾತನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದೀರಿ. ಅವರು ದಂಡೆಯಲ್ಲಿ ಗೀಚಿದ ಗೆರೆಯನ್ನು ಹಿಡಿಯುತ್ತಿದ್ದಾರೆ. ಎರಡೂ ನಡೆದಿರಬಹುದು.

ಈ ಜಗಳಗಳಿಗೆ ಕೆಲಸದ ರೀತಿಯೂ ಕಾರಣ. 1960ರ ದಶಕದ ಮಾರ್ವೆಲ್‌ನಲ್ಲಿ ಪೂರ್ತಿ ಸ್ಕ್ರಿಪ್ಟ್ ಬರೆಯುತ್ತಿರಲಿಲ್ಲ. ಲೀ ಕಥೆಯ ಸಾರಾಂಶ ಹೇಳುತ್ತಿದ್ದರು, ಎಷ್ಟೋ ಸಲ ಬಾಯಿಮಾತಿನಲ್ಲೇ. ಚಿತ್ರಕಾರ ಮನೆಗೆ ಹೋಗಿ ಅಷ್ಟೂ ಪುಟದ ಕಥೆ ಕಟ್ಟಿ, ದೃಶ್ಯ ಜೋಡಿಸಿ, ಪೆನ್ಸಿಲ್‌ನಲ್ಲಿ ಬರೆದು ತರುತ್ತಿದ್ದ. ಆಮೇಲೆ ಲೀ ಅದಕ್ಕೆ ಮಾತು ತುಂಬುತ್ತಿದ್ದರು. ಇದನ್ನು 'ಮಾರ್ವೆಲ್ ಮೆಥಡ್' ಅನ್ನುತ್ತಾರೆ. ನಮ್ಮ ಕಡೆಯವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ಯಕ್ಷಗಾನ ಪ್ರಸಂಗದ ಪುಸ್ತಕ ತೆಗೆದು ನೋಡಿ, ಅದರಲ್ಲಿರುವುದು ಪದ್ಯ. ಮಾತು ಇಲ್ಲ. ಮಾತು ಹುಟ್ಟುವುದು ರಂಗದ ಮೇಲೆ, ವೇಷಧಾರಿಯ ಬಾಯಲ್ಲಿ, ಅವತ್ತಿನ ರಾತ್ರಿಗೆ. ತಾಳಮದ್ದಳೆಯಲ್ಲಂತೂ ಅರ್ಥಧಾರಿಯ ಮಾತೇ ಎಲ್ಲ. ಹಾಗಾದರೆ ಅವತ್ತು ರಾತ್ರಿ ನಾವು ನೋಡಿದ ಕರ್ಣ ಯಾರವನು? ಪದ್ಯ ಬರೆದ ಕವಿಯವನಾ, ಹಾಡಿದ ಭಾಗವತರವನಾ, ಅರ್ಥ ಹೇಳಿದವರವನಾ? ಇಡಗುಂಜಿ ಮೇಳದ ಆಟ ನೋಡಿ ಬೆಳಗ್ಗೆ ಮನೆಗೆ ನಡೆದು ಹೋಗುವಾಗ ನಮ್ಮ ಹಿರಿಯರು ಇದನ್ನೇ ಚರ್ಚಿಸುತ್ತಿದ್ದರು, ಆದರೆ ಅಲ್ಲಿ ಯಾರಿಗೂ ಅದರ ಹಕ್ಕು ಮಾರಿ ಕೋಟಿಗಟ್ಟಲೆ ಹಣ ಬರುತ್ತಿರಲಿಲ್ಲ. ಮಾರ್ವೆಲ್‌ನಲ್ಲಿ ಬಂತು. ಜೊತೆಗೆ, ಕಥೆ ಕಟ್ಟುವ ಅರ್ಧ ಕೆಲಸ ಮಾಡಿದ ಚಿತ್ರಕಾರನಿಗೆ ಸಿಗುತ್ತಿದ್ದದ್ದು ಚಿತ್ರದ ಪುಟದ ಲೆಕ್ಕದ ದುಡ್ಡು, ಬರವಣಿಗೆಯ ದುಡ್ಡು ಲೀಗೆ. ವಾಲಿ ವುಡ್ ಅನ್ನುವ ಒಳ್ಳೆಯ ಚಿತ್ರಕಾರರು ಇದೇ ಕಾರಣಕ್ಕೆ ಬೇಸರಪಟ್ಟುಕೊಂಡು ಹೊರಗೆ ಹೋದರು.

ಕಿರ್ಬಿಯ ನೋವು ಇನ್ನೂ ಆಳದ್ದು. ಫೆಂಟಾಸ್ಟಿಕ್ ಫೋರ್, ಥಾರ್, ಹಲ್ಕ್, ಎಕ್ಸ್-ಮೆನ್, ಇವೆಲ್ಲ ಶುರುವಾದದ್ದು ಅವರ ಪೆನ್ಸಿಲ್‌ನಲ್ಲಿ. 1970ರಲ್ಲಿ ಅವರು ಮಾರ್ವೆಲ್ ಬಿಟ್ಟರು. 1974ರಲ್ಲಿ ಲೀ ಪುಸ್ತಕವೊಂದರಲ್ಲಿ ಈ ಪಾತ್ರಗಳು ಹುಟ್ಟಿದ ಕಥೆ ಬರೆದಾಗ ಐಡಿಯಾಗಳು ಹೆಚ್ಚಾಗಿ ತಮ್ಮವೇ ಅನ್ನುವ ಹಾಗೆ ಬಂತು. 1990ರ ಒಂದು ದೊಡ್ಡ ಸಂದರ್ಶನದಲ್ಲಿ ಕಿರ್ಬಿ ಪೂರ್ತಿ ಇನ್ನೊಂದು ತುದಿಗೆ ಹೋದರು, ಲೀ ಏನೂ ಬರೆಯಲೇ ಇಲ್ಲ ಅಂದುಬಿಟ್ಟರು. ಫೆಂಟಾಸ್ಟಿಕ್ ಫೋರ್ ಮೊದಲ ಸಂಚಿಕೆಗೆ ಲೀ ಟೈಪ್ ಮಾಡಿದ ಸಾರಾಂಶ ಒಂದಿದೆ, ಅಚ್ಚೂ ಆಗಿದೆ. ಕಿರ್ಬಿ ಅದನ್ನು ನಾನು ನೋಡೇ ಇಲ್ಲ ಅಂದರು. ಇನ್ನೊಂದು ಕಡೆ, ಕಿರ್ಬಿಯ ಮೂಲ ಪುಟಗಳ ಅಂಚಿನಲ್ಲಿ ಅವರ ಕೈಬರಹ ಇದೆ. ಈ ಚೌಕದಲ್ಲಿ ಏನಾಗುತ್ತಿದೆ, ಇವನು ಯಾಕೆ ಸಿಟ್ಟಾಗಿದ್ದಾನೆ ಅಂತ, ಮಾತು ತುಂಬುವವರಿಗೆ ಕಥೆಯನ್ನು ವಿವರಿಸಿ ಹೇಳುವ ಬರಹ. ಕಥೆಯನ್ನು ಚಿತ್ರಕಾರನೇ ಲೇಖಕನಿಗೆ ವಿವರಿಸಬೇಕಾಗಿತ್ತು ಅಂದರೆ ಆ ಹೊತ್ತಿಗೆ ಕಥೆ ಯಾರ ತಲೆಯಲ್ಲಿತ್ತು? ನನ್ನ ಮಟ್ಟಿಗೆ ಅಂಚಿನ ಆ ಬರಹ ಇಬ್ಬರ ಸಂದರ್ಶನಗಳಿಗಿಂತ ತೂಕದ ಸಾಕ್ಷಿ. ಹಾಗಂತ ಲೀ ಏನೂ ಮಾಡಲಿಲ್ಲ ಅನ್ನುವುದೂ ನನಗೆ ಒಪ್ಪಿಗೆ ಇಲ್ಲ. ಆ ಪಾತ್ರಗಳ ಮಾತಿನಲ್ಲಿ ಇರುವ ಚುರುಕು, ಪಕ್ಕದ ಮನೆಯವರ ಥರ ಜಗಳ ಆಡುವ ರೀತಿ, ಅದು ಲೀ ಕೊಟ್ಟದ್ದು. ಕಿರ್ಬಿ ಒಬ್ಬರೇ ಬರೆದ ಕಥೆಗಳನ್ನೂ ಓದಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇದರಲ್ಲಿ ಒಂದು ಪ್ರಸಂಗ ನಿಮಗೆ ಬೇಕಾದದ್ದು. 1966ರಲ್ಲಿ ಬಂದ, ಗ್ಯಾಲಕ್ಟಸ್ ಅನ್ನುವ ದೈತ್ಯನ ಕಥೆಯ ಪುಟಗಳನ್ನು ಕಿರ್ಬಿ ತಂದಾಗ ಅದರಲ್ಲಿ ಒಬ್ಬ ಬೆಳ್ಳಿ ಬಣ್ಣದವನು ಸರ್ಫ್ ಹಲಗೆ ಮೇಲೆ ಆಕಾಶದಲ್ಲಿ ಹಾರುತ್ತಿದ್ದ. ಇವನು ಯಾರು ಅಂತ ಲೀ ಕೇಳಿದರು. ಅಂಥ ದೊಡ್ಡ ದೇವರಂಥವನಿಗೆ ಒಬ್ಬ ದೂತ ಬೇಡವಾ ಅಂತ ಕಿರ್ಬಿ ಸೇರಿಸಿದ್ದರು. ಸಿಲ್ವರ್ ಸರ್ಫರ್ ಕಿರ್ಬಿಯವನು ಅನ್ನುವುದರಲ್ಲಿ ಇಬ್ಬರದ್ದೂ ಒಂದೇ ಮಾತು, ಲೀ ಅದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಹಾಗಾದರೆ ಜಗಳ ಇರಬಾರದಾಗಿತ್ತು. ಆದರೆ 1968ರಲ್ಲಿ ಸರ್ಫರ್‌ಗೆ ಅವನದೇ ಪತ್ರಿಕೆ ಬಂದಾಗ ಲೀ ಅದನ್ನು ಜಾನ್ ಬುಸೆಮಾ ಅನ್ನುವ ಬೇರೆ ಚಿತ್ರಕಾರನ ಜೊತೆ ಮಾಡಿದರು, ಸರ್ಫರ್ ಎಲ್ಲಿಂದ ಬಂದ ಅನ್ನುವ ಹಿನ್ನೆಲೆಯನ್ನೂ ಅಲ್ಲೇ ಬರೆದುಬಿಟ್ಟರು. ಕಿರ್ಬಿ ಮನಸ್ಸಿನಲ್ಲಿ ಬೇರೆಯದೇ ಹಿನ್ನೆಲೆ ಇತ್ತು. ಯಾರು ಹುಟ್ಟಿಸಿದ್ದು ಅನ್ನುವುದಲ್ಲ ಅಲ್ಲಿ ನೋಯಿಸಿದ್ದು, ಒಂದು ಮಾತು ಕೇಳದೆ ಮುಂದೆ ಹೋದದ್ದು. ನಿಮ್ಮ ಗೆಳೆಯನನ್ನು ಕೇಳದೆ ಪ್ರಕಾಶಕರಿಗೆ ಏನಾದರೂ ಬರೆದು ಕಳಿಸಿದ್ದೀರಾ? ಕಳಿಸಿದ್ದರೆ ಇವತ್ತೇ ಅವರಿಗೆ ಹೇಳಿ.

ಬ್ಯಾಟ್‌ಮ್ಯಾನ್ ಕಥೆ ಬೇರೆ ಥರದ್ದು. ಅಲ್ಲಿ ನೆನಪಿನ ತೊಡಕಿಗಿಂತ ಕಾಗದದ ತೊಡಕು ದೊಡ್ಡದು. 1939ರಲ್ಲಿ ಚಿತ್ರಕಾರ ಬಾಬ್ ಕೇನ್ ಕೆಂಪು ಬಟ್ಟೆ, ಗಟ್ಟಿ ರೆಕ್ಕೆ ಇರುವ ಒಂದು ಸ್ಕೆಚ್ ತಂದಾಗ, ರೆಕ್ಕೆ ತೆಗೆದು ಮೇಲಂಗಿ ಹಾಕು, ಬಾವಲಿ ಕಿವಿಯ ಮುಸುಕು ಹಾಕು, ಬಣ್ಣ ಬೂದು ಮಾಡು ಅಂದವರು ಬರಹಗಾರ ಬಿಲ್ ಫಿಂಗರ್. ಮೊದಲ ಕಥೆ ಬರೆದದ್ದೂ ಅವರೇ. ಆದರೆ ಕರಾರು ಆದದ್ದು ಕೇನ್ ಹೆಸರಲ್ಲಿ ಮಾತ್ರ. 1965ರಲ್ಲಿ ಫಿಂಗರ್ ಪಾಲು ಹೊರಗೆ ಬಂದಾಗ ಕೇನ್ ಉದ್ದದ ಪತ್ರ ಬರೆದು ಅಲ್ಲಗಳೆದರು. ಫಿಂಗರ್ 1974ರಲ್ಲಿ ತೀರಿಕೊಂಡರು, ಹೆಸರು ಕಾಣದೆಯೇ. 1989ರಲ್ಲಿ ಕೇನ್ ಆತ್ಮಕಥೆಯಲ್ಲಿ, ಅವನು ಬದುಕಿದ್ದಾಗಲೇ ಹೆಸರು ಹಾಕಬೇಕಿತ್ತು ಅನ್ನುವ ಅರ್ಥದ ಮಾತು ಬರೆದರು. ಅಧಿಕೃತವಾಗಿ ಫಿಂಗರ್ ಹೆಸರು ಬಂದದ್ದು 2015ರಲ್ಲಿ. ಸತ್ತು 41 ವರ್ಷದ ಮೇಲೆ. ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಈಗಲೂ. ಜೋಕರ್ ವಿಷಯದಲ್ಲಂತೂ ಮೂರು ಜನ, ಮೂರು ನೆನಪು. ಇಸ್ಪೀಟಿನ ಜೋಕರ್ ಎಲೆ ತಂದು ಖಳನಾಯಕನ ಐಡಿಯಾ ಕೊಟ್ಟದ್ದು ನಾನು ಅಂತ ಕೇನ್ ಅವರ ಸಹಾಯಕ ಚಿತ್ರಕಾರ ಜೆರ್ರಿ ರಾಬಿನ್ಸನ್. ಎಲೆ ತಂದ, ಆದರೆ ಪಾತ್ರ ಆಗಲೇ ಇತ್ತು ಅಂತ ಕೇನ್. 1928ರ ಮೂಕಿ ಚಿತ್ರವೊಂದರಲ್ಲಿ ಕಾನ್ರಾಡ್ ವೈಟ್ ಅನ್ನುವ ನಟನ ನಗುವ ಮುಖದ ಫೋಟೋ ತಂದವರು ಫಿಂಗರ್, ಇದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಸೀಗಲ್ ಮತ್ತು ಶೂಸ್ಟರ್ ಪರಸ್ಪರ ಜಗಳ ಆಡಲಿಲ್ಲ. ಆದರೆ 1938ರಲ್ಲಿ 130 ಡಾಲರಿಗೆ ಹಕ್ಕು ಬರೆದುಕೊಟ್ಟು ಜೀವನಪೂರ್ತಿ ಕೊರಗಿದರು.

ನಮ್ಮಲ್ಲೂ ಇದೆ. ಅಮರ ಚಿತ್ರಕಥೆ ಹುಟ್ಟಿದ್ದು ಹೇಗೆ ಅಂದರೆ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ದೆಹಲಿಯಲ್ಲಿ ಟಿವಿ ಕ್ವಿಜ್ ನೋಡುತ್ತಿದ್ದರು, ಗ್ರೀಕ್ ದೇವತೆಗಳ ಬಗ್ಗೆ ಪಟಪಟ ಹೇಳಿದ ವಿದ್ಯಾರ್ಥಿಗಳಿಗೆ ರಾಮನ ತಾಯಿ ಯಾರು ಅಂತ ಗೊತ್ತಿರಲಿಲ್ಲ, ಅಲ್ಲಿಂದ ಶುರು. ಆದರೆ ಅದನ್ನು ಪ್ರಕಟಿಸಿದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಹೇಳುವುದು ಬೇರೆ. 1965ರಲ್ಲೇ ಕನ್ನಡದಲ್ಲಿ ಶುರುವಾಗಿತ್ತು, ಅದು ಚೆನ್ನಾಗಿ ಹೋಯಿತು ಅಂತಲೇ ಮುಂಬೈಯವರು ಇಂಗ್ಲಿಷಿನಲ್ಲಿ ಕೈಹಾಕಿದರು, ಇಂಗ್ಲಿಷಿನ ಸಂಖ್ಯೆ 11ರಿಂದ ಶುರುವಾಗುವುದಕ್ಕೆ ಮೊದಲ ಹತ್ತು ಕನ್ನಡದಲ್ಲಿ ಬಂದದ್ದೇ ಕಾರಣ ಅಂತ. ರಾಮ್ ವಾಯೀರ್ಕರ್ ಚಿತ್ರ ಬರೆದ 'ಕೃಷ್ಣ' ಸಂಚಿಕೆಯ ನಂಬರ್ ನೋಡಿ, 11. ಅನಂತರಾಮ್ ಅವರೇ ಪೈ ಅವರ ದೂರದೃಷ್ಟಿಯನ್ನು ಹೊಗಳಿಯೂ ಇದ್ದಾರೆ, ಅಲ್ಲಿ ದ್ವೇಷ ಇಲ್ಲ. ಎರಡು ಕಥೆಯೂ ಒಟ್ಟಿಗೆ ನಿಜ ಆಗಬಹುದು. ಒಬ್ಬರು ಬೀಜ ಹಾಕಿದ ದಿನವನ್ನು ಹೇಳುತ್ತಿದ್ದಾರೆ, ಇನ್ನೊಬ್ಬರು ತಮ್ಮ ಮನಸ್ಸಿನಲ್ಲಿ ಅದು ಮೊಳೆತ ದಿನವನ್ನು. ಮುದ್ದಾದ ಕಥೆ ಉಳಿಯಿತು, ಬೆಂಗಳೂರಿನ ಕಥೆ ಮರೆತುಹೋಯಿತು. ಕನ್ನಡದವರಾದ ನಾವಾದರೂ ಅದನ್ನು ನೆನಪಿಡಬೇಕು.

ನೆನಪು ಹೀಗೆ ಯಾಕೆ ಮಾಡುತ್ತದೆ? ಕೆನಡಾದಲ್ಲಿ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. 37 ದಂಪತಿಗಳನ್ನು ಬೇರೆ ಬೇರೆ ಕೂರಿಸಿ, ಮನೆಯ ಇಂತಿಂಥ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿದರು. ಗಂಡ ಹೇಳಿದ್ದು, ಹೆಂಡತಿ ಹೇಳಿದ್ದು ಕೂಡಿಸಿದರೆ ನೂರಕ್ಕಿಂತ ಜಾಸ್ತಿ ಬಂತು. ಬರೀ ಜಂಬ ಅಲ್ಲ ಇದು, ಯಾಕೆಂದರೆ ಜಗಳ ಶುರು ಮಾಡುವಂಥ ಕೆಟ್ಟ ವಿಷಯದಲ್ಲೂ ತಮ್ಮ ಪಾಲನ್ನೇ ಹೆಚ್ಚು ಹೇಳಿಕೊಂಡರು. ನಾವು ಮಾಡಿದ್ದಕ್ಕೆ ನಾವು ಪ್ರತಿ ಸಲವೂ ಸಾಕ್ಷಿ. ಇನ್ನೊಬ್ಬರು ಮಾಡಿದ್ದಕ್ಕೆ ಕಣ್ಣಿಗೆ ಬಿದ್ದಷ್ಟೇ.

ನನ್ನದೇ ಒಂದು ಹೇಳುತ್ತೇನೆ. ನಾನೂ ಒಬ್ಬ ಗೆಳೆಯನೂ ಸೇರಿ ಒಂದು ವಾರಪತ್ರಿಕೆಗೆ ಚಿತ್ರಕಥೆ ಮಾಡುತ್ತಿದ್ದೆವು. ಸೇತುವೆ ಬರುವ ಮೊದಲು ಕಾಳಿ ನದಿ ದಾಟಿಸುತ್ತಿದ್ದ ದೋಣಿಯ ಅಜ್ಜ, ಅವನ ಮಾತಾಡುವ ದೋಣಿ. ಪತ್ರಿಕೆಯವರು ಒಬ್ಬರ ಹೆಸರು ಮಾತ್ರ ಹಾಕುತ್ತೇವೆ ಅಂದರು, ನನ್ನ ಹೆಸರು ಬಂತು, ಗೆಳೆಯ ದೂರವಾದ. ದೋಣಿ ಮಾತಾಡುವುದು ನನ್ನ ಐಡಿಯಾ ಅಂತ ಇಪ್ಪತ್ತು ವರ್ಷ ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಹೇಳಿದೆ. ಶಿರಸಿ ಹತ್ತಿರದ ನಮ್ಮ ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಆಗಿನ ನೋಟ್‌ಬುಕ್ ಸಿಕ್ಕಿತು, ಮಳೆಗಾಲದ ಥಂಡಿಗೆ ಅರ್ಧ ಬೂಸ್ಟು ಹಿಡಿದು. ಅದರಲ್ಲಿ ಗೆಳೆಯನ ಅಕ್ಷರದಲ್ಲಿ 'ದೋಣಿ ಮಾತಾಡಿದರೆ?' ಅಂತ ಇದೆ. ಕೆಳಗೆ ನನ್ನ ಅಕ್ಷರ: 'ಬೇಡ, ತೀರಾ ಚಿಕ್ಕ ಮಕ್ಕಳ ಕಥೆ ಆಗುತ್ತದೆ.' ಅಟ್ಟದ ಮೇಲೆ ತುಂಬಾ ಹೊತ್ತು ಕೂತಿದ್ದೆ. ಸಂಜೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು ಸ್ವಲ್ಪ ಸುಮ್ಮನಿದ್ದು, ನನಗೂ ಅದು ನಿನ್ನದು ಅಂತಲೇ ನೆನಪು ಮಾರಾಯ, ನನಗೆ ಬೇಜಾರಾಗಿದ್ದು ಅಜ್ಜನ ಮುಖಕ್ಕೆ ಅಂದ. ಅಜ್ಜನ ಮುಖ ಅವನು ತನ್ನ ಸ್ವಂತ ಅಜ್ಜನನ್ನು ನೋಡಿ ಬರೆದದ್ದು. ಅದು ನನಗೆ ಗೊತ್ತೇ ಇರಲಿಲ್ಲ.

ಅದಕ್ಕೇ ಕೇಳುತ್ತೇನೆ, ನಿಮ್ಮ ಗೆಳೆಯನ ಸಂಕಟ ನಿಜವಾಗಿ ನವಿಲುಗರಿಯದ್ದಾ? ಬೇಡರ ವೇಷದವನ ಸೊಂಟಕ್ಕೆ ಹಗ್ಗ ಕಟ್ಟಿ ಇಬ್ಬರು ಹಿಂದಿನಿಂದ ಹಿಡಿದಿರುತ್ತಾರಲ್ವಾ. ನಿಮ್ಮ ಹುಡುಗ ಹಾರಿದಾಗ ಆ ಹಗ್ಗ ಏನಾಯಿತು? ಹಿಡಿದವರು ಕೈಬಿಟ್ಟರಾ, ಅವರೂ ಮೇಲೆ ಹೋದರಾ? ಗುರಾಣಿ ಎಲ್ಲಿ ಬಿತ್ತು? ಇವುಗಳನ್ನು ಯಾರು ಯೋಚಿಸಿದರು? 'ಗರಿ ರೆಕ್ಕೆಯಾಯಿತು' ಅನ್ನುವುದು ಒಂದು ವಾಕ್ಯ. 64 ಪುಟದಲ್ಲಿ ಇಂಥ ನೂರಾರು ತೀರ್ಮಾನ ಇವೆ. ಇಬ್ಬರೂ ಬೇರೆ ಬೇರೆ ಕೂತು, ಫೋನ್ ಮಾಡದೆ, ಪುಟ ಪುಟಕ್ಕೂ ಯಾರು ಏನು ಮಾಡಿದ್ದು ಅಂತ ಬರೆಯಿರಿ. ಆಮೇಲೆ ಹಳೆಯ ಸ್ಕೆಚ್ ಪುಸ್ತಕ, ವಾಟ್ಸಾಪ್ ಮೆಸೇಜು, ಮೊಬೈಲಿನ ಫೋಟೋದ ತಾರೀಕು ಎಲ್ಲ ಮೇಜಿನ ಮೇಲೆ ಇಟ್ಟು ಒಟ್ಟಿಗೆ ನೋಡಿ. ಯಾರ ನೆನಪು ತಪ್ಪಿದರೂ ಅದನ್ನು ಸುಳ್ಳು ಅಂತ ಕರೆಯಬೇಡಿ.

ಇನ್ನು ಕಾನೂನು. ಐಡಿಯಾಗೆ ಕಾಪಿರೈಟ್ ಇಲ್ಲ, ಅದಕ್ಕೆ ಕೊಟ್ಟ ರೂಪಕ್ಕೆ ಮಾತ್ರ, 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಬೇಡರ ವೇಷ ಅಂತೂ ಶಿರಸಿಯ ಎಲ್ಲರದ್ದು. ಅಂದರೆ ಬಸ್ಸಿನ ಮಾತಿನ ಮೇಲೆ ಕೋರ್ಟಿನಲ್ಲಿ ನೀವು ಜಾಸ್ತಿ ದೂರ ಹೋಗಲು ಆಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಒಬ್ಬರ ಪಾಲನ್ನು ಇನ್ನೊಬ್ಬರದ್ದರಿಂದ ಬೇರೆ ಮಾಡಲು ಆಗದಿದ್ದರೆ ಅದು ಜಂಟಿ ಕೃತಿ. ಕಾಮಿಕ್ಸ್‌ನಲ್ಲಿ ಬರಹ ಬೇರೆ, ಚಿತ್ರ ಬೇರೆ ಅಂತ ವಾದಿಸಲು ಜಾಗ ಇದೆ, ಹಾಗಾದರೆ ಬರಹದ ಹಕ್ಕು ನಿಮ್ಮದು, ಚಿತ್ರದ್ದು ಅವರದು, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಪುಸ್ತಕ ತರಲು ಆಗುವುದಿಲ್ಲ. ಹಾಗಾಗಿ ನಿಮ್ಮಿಬ್ಬರ ನಡುವೆ ಮೊದಲು ಒಂದು ಕಾಗದ ಆಗಲಿ. ಎರಡೇ ಪುಟ ಸಾಕು. ಪಾತ್ರ ಇಬ್ಬರದ್ದು, ಮುಂದಿನ ಪುಸ್ತಕವೋ ಸಿನಿಮಾವೋ ಬಂದರೆ ಇಬ್ಬರನ್ನೂ ಕೇಳಬೇಕು, ದುಡ್ಡು ಹೀಗೆ ಹಂಚಿಕೆ, ಮೂಲ ಚಿತ್ರದ ಹಾಳೆಗಳು ಚಿತ್ರಕಾರನವು. ಕಿರ್ಬಿ ತಮ್ಮದೇ ಹಾಳೆಗಳನ್ನು ವಾಪಸ್ ಪಡೆಯಲು ವರ್ಷಗಟ್ಟಲೆ ಹೋರಾಡಿದರು, 1987ರಲ್ಲಿ ಸಿಕ್ಕಿದ್ದು ಬರೆದದ್ದರಲ್ಲಿ ಒಂದು ಸಣ್ಣ ಪಾಲು. ಅವರ ಮಕ್ಕಳಿಗೂ ಮಾರ್ವೆಲ್‌ಗೂ ನಡೆದ ಹಕ್ಕಿನ ವ್ಯಾಜ್ಯ ರಾಜಿಯಾದದ್ದು 2014ರಲ್ಲಿ, ಕಿರ್ಬಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ.

ಹೆಸರು ಹಾಕುವಾಗ 'ಕಥೆ' ಒಬ್ಬರು, 'ಚಿತ್ರ' ಒಬ್ಬರು ಅಂತ ಮಾತ್ರ ಹಾಕಿದರೆ ಮಾರ್ವೆಲ್‌ನಲ್ಲಿ ಆದದ್ದೇ ಆಗುತ್ತದೆ. 'ಪಾತ್ರ ಮತ್ತು ಕಥಾಸೃಷ್ಟಿ' ಅಂತ ಒಂದು ಸಾಲು ಮಾಡಿ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಹಾಕಿ, ಅದರ ಕೆಳಗೆ ಮಾತು ಯಾರು, ಚಿತ್ರ ಯಾರು ಅಂತ ಬರಲಿ. ಮೊದಲು ಯಾರದು ಅನ್ನುವುದೇ ಜಗಳವಾದರೆ ಅಕಾರಾದಿಯಲ್ಲಿ ಹಾಕಿ. ಪ್ರಕಾಶಕರ ಕರಾರಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಕಾಪಿರೈಟ್ ಕಾಯ್ದೆಯ ಕಲಂ 19ರ ಪ್ರಕಾರ ಐದು ವರ್ಷ ಅಂತ ಲೆಕ್ಕ, ಆದರೂ ಬರೆಸಿಕೊಳ್ಳಿ. ಹಕ್ಕು ಮಾರಿದ ಮೇಲೂ ಇದು ನಾನು ಮಾಡಿದ್ದು ಅಂತ ಹೇಳುವ ಹಕ್ಕು ಕಲಂ 57ರಲ್ಲಿ ನಿಮಗೆ ಉಳಿಯುತ್ತದೆ. ಮತ್ತೆ, ಆ ಕರಾರಿನಲ್ಲಿ ಒಬ್ಬರದ್ದೇ ಹೆಸರಿದ್ದರೆ ಸಹಿ ಹಾಕಬೇಡಿ, ಅದು ನಿಮ್ಮ ಹೆಸರೇ ಆಗಿದ್ದರೂ.